ಕಾಡಿನ ಜ್ವರ, ಮೈಯ ಕಾವಲು

ಹುತ್ತರಿ ಹಬ್ಬದ ಹೊತ್ತಿಗೆ ಕೊಡಗಿನಲ್ಲಿ ಮಳೆ ಪೂರ್ಣವಾಗಿ ಹಿಂದೆಗೆದಿರುತ್ತದೆ. ಅಂದಿನಿಂದ ತೋಟಗಳಲ್ಲಿ ಬಿಡುವಿಲ್ಲದ ದುಡಿಮೆ. ಮೊದಲು ಅರಾಬಿಕಾ ಕಾಫಿಯ ಕೊಯ್ಲು, ಅದರ ಬೆನ್ನಿಗೆ ರೊಬಸ್ಟಾ ಕಾಫಿಯ ಕೊಯ್ಲು, ನಡುವೆ ಕರಿಮೆಣಸಿನ ಬಳ್ಳಿಗೆ ಏಣಿ ಹಾಕುವ ಕೆಲಸ, ಒಲೆಗೆ ಸೌದೆ ಕೂಡಿಡುವ ಕೆಲಸ. ಬೇಸಗೆಯ ಹೂಮಳೆ ಬಿದ್ದು ಕಾಫಿಯ ಗಿಡ ಬೆಳ್ಳಗೆ ಅರಳುವವರೆಗೂ ಹೆಣ್ಣು ಗಂಡು ಎನ್ನದೆ ಎಲ್ಲರೂ ಮರದ ನೆರಳಿನಲ್ಲಿ, ಒಣಗಿದ ತರಗೆಲೆಯ ಮೇಲೆ ಓಡಾಡುವವರೇ.

ಇದೇ ತಿಂಗಳುಗಳಲ್ಲಿ ಅದೇ ತರಗೆಲೆಯ ಅಡಿಯಲ್ಲಿ ಇನ್ನೊಂದು ಜೀವಿಯ ಸಂಸಾರವೂ ಬೆಳೆಯುತ್ತಿರುತ್ತದೆ. ಅದು ಉಣುಗು. ಎಳ್ಳುಕಾಳಿಗಿಂತ ಚಿಕ್ಕದಾದ ಎಳೆಯ ಉಣುಗು ಹುಲ್ಲಿನ ತುದಿಯನ್ನೋ ಎಲೆಯ ಅಂಚನ್ನೋ ಹಿಡಿದು, ಹಾದುಹೋಗುವ ಪ್ರಾಣಿಯ ಮೈಯನ್ನು ಹತ್ತಲು ಕಾದಿರುತ್ತದೆ. ಕಚ್ಚಿದರೆ ತುರಿಕೆ, ಒಂದೆರಡು ದಿನಗಳಲ್ಲಿ ಮರೆತುಹೋಗುವ ಉಪದ್ರವ. ಆದರೆ ಸಹ್ಯಾದ್ರಿಯ ಕೆಲವು ಕಾಡುಗಳಲ್ಲಿ ಈ ಕ್ಷುದ್ರ ಜೀವಿ ತನ್ನ ಬಾಯಿಯಲ್ಲಿ ಒಂದು ವೈರಸ್ಸನ್ನು ಹೊತ್ತಿರುತ್ತದೆ. ಮಲೆನಾಡಿನವರು ಆ ರೋಗವನ್ನು ಮಂಗನ ಕಾಯಿಲೆ ಎನ್ನುತ್ತಾರೆ. ವೈದ್ಯಗ್ರಂಥಗಳಲ್ಲಿ ಅದರ ಹೆಸರು ಕ್ಯಾಸನೂರು ಕಾಡಿನ ರೋಗ. ಕರ್ನಾಟಕದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಶಾಸ್ತ್ರದಲ್ಲಿ ಶಾಶ್ವತವಾಗಿ ನಿಂತಿರುವುದು ದುರ್ದೈವವಶಾತ್ ಒಂದು ಜ್ವರದಿಂದ.

ಈ ಕಾಯಿಲೆಯ ತವರು ಕೊಡಗಲ್ಲ, ಶಿವಮೊಗ್ಗ ಜಿಲ್ಲೆ. ಆದರೆ ಕೊಡಗಿನ ಎರಡು ಮಗ್ಗುಲುಗಳಲ್ಲಿಯೂ ಅದು ಕಾಣಿಸಿಕೊಂಡಿದೆ. ವಾಯವ್ಯಕ್ಕೆ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ 1982-83ರಲ್ಲಿ ಹಬ್ಬಿದಾಗ 1500ಕ್ಕೂ ಮೀರಿ ಜನ ಕಾಯಿಲೆ ಬಿದ್ದರು. ಸುಮಾರು 150 ಮಂದಿ ತೀರಿಕೊಂಡರು. ಆಗ್ನೇಯಕ್ಕೆ ಬಂಡೀಪುರದ ಕಾಡಿನಲ್ಲಿ 2012ರಲ್ಲಿ ಮಂಗಗಳು ಸತ್ತವು. ಮರುವರ್ಷ ದಕ್ಷಿಣದ ವಯನಾಡಿನಲ್ಲಿ ರೋಗಿಗಳು ಕಂಡುಬಂದರು. 2015ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಜನಕ್ಕೆ ತಗುಲಿತು. ಬಂಡೀಪುರ, ವಯನಾಡು, ನಾಗರಹೊಳೆ, ಬ್ರಹ್ಮಗಿರಿ — ಭೂಪಟದಲ್ಲಿ ಬೇರೆ ಬೇರೆ ಹೆಸರುಗಳಾದರೂ ಮಂಗನಿಗೂ ಉಣುಗಿಗೂ ಇವೆಲ್ಲ ಒಂದಕ್ಕೊಂದು ಹೊಂದಿಕೊಂಡ ಕಾಡುಗಳೇ. ಆದುದರಿಂದ ಈ ರೋಗದ ಕಥೆಯನ್ನು ಕೊಡಗಿನ ಮನೆಗಳೂ ತಿಳಿದಿರುವುದು ಒಳ್ಳೆಯದು. ಅದಕ್ಕೆ ಜೋಡಿಯಾಗಿ, ಮನುಷ್ಯನ ಮೈ ಇಂತಹ ವೈರಸ್ಸುಗಳನ್ನು ಎದುರಿಸುವ ಬಗೆಯನ್ನು ಕಂಡುಹಿಡಿದ ಒಬ್ಬ ಸಂಶೋಧಕನ ಕಥೆಯೂ ಉಂಟು. ವಿಶೇಷವೆಂದರೆ, ಎರಡೂ ಕಥೆಗಳು ಲೋಕದ ಮುಂದೆ ಬಂದದ್ದು ಒಂದೇ ವರ್ಷದಲ್ಲಿ.

ಗ್ಲಾಸ್ಗೋದ ತರುಣ ವೈದ್ಯ

1956ರ ನವೆಂಬರ್ 1ರಂದು ಕೊಡಗು ತನ್ನ ಪ್ರತ್ಯೇಕ ರಾಜ್ಯದ ಸ್ಥಾನವನ್ನು ಬಿಟ್ಟು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ, ಲಂಡನ್ ನಗರದ ಉತ್ತರ ಭಾಗದಲ್ಲಿರುವ ಮಿಲ್ ಹಿಲ್ ಎಂಬಲ್ಲಿ, ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಇಬ್ಬರು ತರುಣರು ಕೋಳಿಮೊಟ್ಟೆಗಳ ಮುಂದೆ ಕುಳಿತಿದ್ದರು. ಒಬ್ಬನು ಅಲಿಕ್ ಐಸಾಕ್ಸ್, ಇನ್ನೊಬ್ಬನು ಜಾನ್ ಲಿಂಡೆನ್‌ಮನ್.

ಐಸಾಕ್ಸ್ 1921ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿದವನು. ಅಲ್ಲಿಯ ವಿಶ್ವವಿದ್ಯಾನಿಲಯದಿಂದ 1944ರಲ್ಲಿ ವೈದ್ಯ ಪದವಿ ಪಡೆದನಾದರೂ ರೋಗಿಗಳ ನಾಡಿ ಹಿಡಿಯುವುದಕ್ಕಿಂತ ರೋಗದ ಮೂಲವನ್ನು ಹುಡುಕುವುದರಲ್ಲಿ ಅವನಿಗೆ ಆಸಕ್ತಿ ಹೆಚ್ಚು. ಶೆಫೀಲ್ಡಿನಲ್ಲಿ ಸ್ವಲ್ಪ ಕಾಲ ಇದ್ದು, 1948ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿಗೆ ತೆರಳಿದನು. ಅಲ್ಲಿ ಮ್ಯಾಕ್‌ಫರ್ಲೇನ್ ಬರ್ನೆಟ್ ಎಂಬ ಮಹಾವಿದ್ವಾಂಸನ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿದನು. ರೋಗನಿರೋಧ ಶಾಸ್ತ್ರದಲ್ಲಿ ಮಾಡಿದ ಸೇವೆಗಾಗಿ ಬರ್ನೆಟ್ಟಿಗೆ 1960ರಲ್ಲಿ ನೊಬೆಲ್ ಬಹುಮಾನ ಬಂದಿತು. ಮಿಲ್ ಹಿಲ್ಲಿಗೆ ಹಿಂತಿರುಗಿದ ಐಸಾಕ್ಸ್ ಜಗತ್ತಿನ ನಾನಾ ದೇಶಗಳಿಂದ ಬರುವ ಇನ್‌ಫ್ಲುಯೆಂಜಾ ವೈರಸ್ಸುಗಳನ್ನು ಪರೀಕ್ಷಿಸುವ ಕೇಂದ್ರದ ಹೊಣೆ ಹೊತ್ತನು.

ಅವನ ಮನಸ್ಸನ್ನು ಒಂದು ಹಳೆಯ ಸಮಸ್ಯೆ ಬಹುಕಾಲದಿಂದ ಕಾಡುತ್ತಿತ್ತು. ಒಂದು ವೈರಸ್ ಹೊಕ್ಕ ಪ್ರಾಣಿಯಲ್ಲಿ ಮತ್ತೊಂದು ವೈರಸ್ ಸುಲಭವಾಗಿ ಬೆಳೆಯುವುದಿಲ್ಲ. 1937ರಲ್ಲಿ ಫಿಂಡ್ಲೆ ಮತ್ತು ಮ್ಯಾಕಲಮ್ ಎಂಬ ಸಂಶೋಧಕರು ಮಂಗಗಳಿಗೆ ರಿಫ್ಟ್ ಕಣಿವೆಯ ಜ್ವರದ ವೈರಸ್ಸನ್ನು ಕೊಟ್ಟು, ಅನಂತರ ಹಳದಿ ಜ್ವರದ ವೈರಸ್ಸನ್ನು ಕೊಟ್ಟಾಗ ಆ ಮಂಗಗಳು ಉಳಿದುಕೊಂಡವು. ಈ ಎರಡು ವೈರಸ್ಸುಗಳಿಗೂ ಯಾವ ಬಳಗವೂ ಇಲ್ಲ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದಕ್ಕೆ ತಾಗದು. ಹಾಗಿದ್ದರೆ ಮಂಗಗಳನ್ನು ಕಾಪಾಡಿದ್ದು ಯಾವುದು? ವಿದ್ವಾಂಸರು ಇದಕ್ಕೆ ‘ಅಡ್ಡಬರುವಿಕೆ’ ಎಂಬರ್ಥದ ಹೆಸರೊಂದನ್ನು ಕೊಟ್ಟು ಸುಮ್ಮನಾದರು. ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗುವುದಿಲ್ಲವಷ್ಟೆ.

ಲಿಂಡೆನ್‌ಮನ್ 1956ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಿಂದ ಮಿಲ್ ಹಿಲ್ಲಿಗೆ ಬಂದವನು. ಇದೇ ಸಮಸ್ಯೆ ಅವನನ್ನೂ ಹಿಡಿದಿತ್ತು. ಇಬ್ಬರೂ ಕೂಡಿ ಒಂದು ಸರಳವಾದ ಪ್ರಯೋಗವನ್ನು ಹೂಡಿದರು. ಮರಿ ಬೆಳೆಯುತ್ತಿರುವ ಕೋಳಿಮೊಟ್ಟೆಯೊಳಗಿನ ತೆಳುಪೊರೆಯನ್ನು ಚೂರು ಮಾಡಿ ದ್ರವದಲ್ಲಿ ತೇಲಿಬಿಟ್ಟರು. ಕಾಯಿಸಿ ನಿರ್ಜೀವಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸನ್ನು ಅದಕ್ಕೆ ಬೆರೆಸಿ ಮೈಯ ಬಿಸುಪಿನಲ್ಲಿಟ್ಟರು. ಕೆಲವು ತಾಸುಗಳ ಮೇಲೆ ಪೊರೆಯ ಚೂರುಗಳನ್ನು ತೆಗೆದುಹಾಕಿ, ಉಳಿದ ದ್ರವಕ್ಕೆ ಹೊಸ ಪೊರೆಯ ಚೂರುಗಳನ್ನು ಹಾಕಿದರು. ಆಮೇಲೆ ಈ ಹೊಸ ಚೂರುಗಳ ಮೇಲೆ ಜೀವಂತ ವೈರಸ್ಸನ್ನು ಬಿಟ್ಟರು. ಅದು ಬೆಳೆಯಲಿಲ್ಲ!

ಹೊಸ ಚೂರುಗಳು ಸತ್ತ ವೈರಸ್ಸಿನ ಮುಖವನ್ನೇ ಕಂಡಿರಲಿಲ್ಲ. ಅವುಗಳಿಗೆ ದೊರೆತದ್ದು ಹಳೆಯ ಚೂರುಗಳು ಮುಳುಗಿದ್ದ ದ್ರವ ಮಾತ್ರ. ಎಂದ ಮೇಲೆ, ಹಳೆಯ ಚೂರಿನ ಜೀವಕೋಶಗಳು ಏನನ್ನೋ ಹೊರಕ್ಕೆ ಸುರಿಸಿದ್ದವು. ಆ ಏನೋ ಒಂದು ವಸ್ತು ಹೊಸ ಕೋಶಗಳಿಗೆ ಕವಚವಾಗಿತ್ತು. ಅಡ್ಡಬರುವ ವಸ್ತುವಾದುದರಿಂದ ಅದಕ್ಕೆ ‘ಇಂಟರ್‌ಫೆರಾನ್’ ಎಂದು ಹೆಸರಿಟ್ಟರು. ಅವರ ಲೇಖನ 1957ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನ್ಯಾಯವಾಗಿ ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಜಪಾನಿನ ಟೋಕಿಯೋದಲ್ಲಿ ನಗಾನೊ ಮತ್ತು ಕೊಜಿಮಾ ಎಂಬವರು 1954ರಲ್ಲಿಯೇ ಮೊಲದ ಚರ್ಮದಲ್ಲಿ ಇಂತಹುದೇ ತಡೆಯುವ ವಸ್ತುವೊಂದನ್ನು ಕಂಡಿದ್ದರು. ಅವರ ಬರಹ ಹೊರಗಿನವರ ಗಮನವನ್ನು ಆಗ ಹೆಚ್ಚಾಗಿ ಸೆಳೆಯಲಿಲ್ಲ.

ಮಂಗಗಳು ಸತ್ತ ವರ್ಷ

ಆ 1957ರ ಮಾರ್ಚ್ ತಿಂಗಳಿನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ ವಿಚಿತ್ರವಾದ ಸುದ್ದಿ ಬಂದಿತು. ಕಾಡಿನಲ್ಲಿ ಮುಸುವಗಳೂ ಕೆಂಪು ಮೋರೆಯ ಮಂಗಗಳೂ ಸತ್ತು ಬೀಳುತ್ತಿವೆ. ಅಂಚಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗುತ್ತಿದ್ದಾರೆ. ಜ್ವರ ಹಠಾತ್ತನೆ ಏರುವುದು, ತಲೆ ಸಿಡಿಯುವುದು, ಮೈಕೈ ಮುರಿದಂತೆ ನೋಯುವುದು, ಕಣ್ಣು ಕೆಂಪಡರುವುದು. ಕೆಲವರಿಗೆ ಮೂಗು, ವಸಡುಗಳಿಂದ ರಕ್ತ ಒಸರುವುದು.

ಪುಣೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ವೈರಸ್ ಸಂಶೋಧನ ಕೇಂದ್ರವೊಂದನ್ನು ತೆರೆದಿದ್ದವು. ಸುದ್ದಿ ಮುಟ್ಟಿದೊಡನೆಯೆ ಅಲ್ಲಿಯ ಮುಖ್ಯಸ್ಥ ಟೆಲ್‌ಫೋರ್ಡ್ ವರ್ಕ್ ಮತ್ತು ಅವನ ಸಂಗಡಿಗರು ಎದೆಗುಂದಿದರು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವುದು ಹಳದಿ ಜ್ವರದ ಲಕ್ಷಣ. ಆಫ್ರಿಕ, ದಕ್ಷಿಣ ಅಮೆರಿಕಗಳನ್ನು ಪೀಡಿಸಿದ ಆ ಜ್ವರ ಏಷ್ಯದ ನೆಲಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಭಾರತದ ಊರೂರಿನಲ್ಲಿಯೂ ಇದೆ. ಅದು ಬಂದೇ ಬಿಟ್ಟಿತೆಂದಾದರೆ ಆಗುವ ಅನಾಹುತಕ್ಕೆ ಎಣೆಯಿರಲಿಲ್ಲ.

ಸತ್ತ ಮುಸುವದ ಅಂಗಾಂಶದಿಂದ ವೈರಸ್ಸನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರವಾಗಿರಲಿಲ್ಲ. ಸಾವಿರಾರು ಮೈಲಿ ದೂರದ ರಷ್ಯದ ಕಾಡುಗಳಲ್ಲಿ ವಸಂತಕಾಲದಲ್ಲಿ ಬರುವ ಮಿದುಳಿನ ಜ್ವರದ ವೈರಸ್ಸಿಗೆ ಹತ್ತಿರದ ನೆಂಟನಾಗಿತ್ತು. ಆ ಬಳಗದ ವೈರಸ್ಸುಗಳನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಕ್ಯಾಸನೂರಿನಲ್ಲಿಯೂ ಅದೇ ನಿಜವಾಯಿತು. ಹಿಮಾಫಿಸಾಲಿಸ್ ಸ್ಪಿನಿಗೆರಾ ಎಂಬ ಜಾತಿಯ ಉಣುಗು ಮುಖ್ಯ ಅಪರಾಧಿಯೆಂದು ತಿಳಿಯಿತು. ಆ ಮೊದಲ ವರ್ಷ ರೋಗ ತಗುಲಿದವರು 466 ಮಂದಿ.

ಕಾಡಿನಲ್ಲಿ ಈ ರೋಗದ ಚಕ್ರ ಹೀಗೆ ತಿರುಗುತ್ತದೆ. ಮೊಟ್ಟೆಯೊಡೆದ ಉಣುಗಿನ ಮರಿಗಳು ಇಲಿ, ಸುಂಡಿಲಿ ಮೊದಲಾದ ಸಣ್ಣ ಪ್ರಾಣಿಗಳ ರಕ್ತ ಕುಡಿದು ವೈರಸ್ಸನ್ನು ಪಡೆಯುತ್ತವೆ. ಬೆಳೆದು ಎರಡನೆಯ ಹಂತಕ್ಕೆ ಬಂದಾಗ ಮಂಗನನ್ನೋ ಮನುಷ್ಯನನ್ನೋ ಹತ್ತುತ್ತವೆ. ಪೂರ್ಣ ಬೆಳೆದ ಉಣುಗು ದನ, ಜಿಂಕೆಗಳಂತಹ ದೊಡ್ಡ ಪ್ರಾಣಿಗಳ ಮೈಯಲ್ಲಿ ಹೊಟ್ಟೆ ತುಂಬಿಸಿಕೊಂಡು ಸಹಸ್ರಗಟ್ಟಲೆ ಮೊಟ್ಟೆ ಇಡುತ್ತದೆ. ಮಂಗನ ರಕ್ತದಲ್ಲಿ ವೈರಸ್ ಅಪಾರವಾಗಿ ಬೆಳೆಯುವುದರಿಂದ ಅದನ್ನು ಕಚ್ಚಿದ ಉಣುಗುಗಳೆಲ್ಲವೂ ವಿಷವಾಹಕಗಳಾಗುತ್ತವೆ. ಮಂಗ ಸತ್ತು ಬಿದ್ದೊಡನೆ ಅವೆಲ್ಲ ಹೆಣವನ್ನು ತೊರೆದು ಸುತ್ತಲಿನ ನೆಲಕ್ಕಿಳಿಯುತ್ತವೆ. ಸತ್ತ ಮಂಗನ ಸುತ್ತಿನ ಜಾಗ ಹೆಚ್ಚು ಅಪಾಯದ ಜಾಗವೆನ್ನುವುದಕ್ಕೆ ಕಾರಣವಿದು. ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡದು. ರೋಗಿಯ ಮಗ್ಗುಲಲ್ಲಿ ಕುಳಿತು ಶುಶ್ರೂಷೆ ಮಾಡಲು ಮನೆಯವರು ಅಂಜಬೇಕಾಗಿಲ್ಲ.

ಹಳದಿ ಜ್ವರದ ಸಂಶೋಧನೆಯಲ್ಲಿ ಹೆಸರು ಮಾಡಿದ್ದ ಕೊಲಂಬಿಯಾ ದೇಶದ ಹೋರ್ಹೆ ಬೊಶೆಲ್ ಎಂಬ ವೈದ್ಯನು ಸಾಗರಕ್ಕೆ ಬಂದು ಈ ರೋಗದ ಬೆನ್ನು ಹತ್ತಿದನು. ಕಾಡು ಕಡಿದು ಗದ್ದೆ ಮಾಡಿ, ದನಗಳನ್ನು ಕಾಡಿನೊಳಗೆ ಮೇಯಲು ಬಿಟ್ಟಿದ್ದರಿಂದ ಉಣುಗಿನ ಸಂತತಿ ಹೆಚ್ಚಿತೆಂದೂ, ಎಲೆಮರೆಯಲ್ಲಿದ್ದ ವೈರಸ್ ಹೀಗೆ ಮನುಷ್ಯನ ಅಂಗಳಕ್ಕೆ ಬಂದಿತೆಂದೂ ಅವನು ವಾದಿಸಿದನು. ಬೆಳ್ತಂಗಡಿಯಲ್ಲಿ ಗೇರುತೋಟಕ್ಕಾಗಿ ಕಾಡನ್ನು ಸವರಿದ ಮೇಲೆ ರೋಗ ಭುಗಿಲೆದ್ದದ್ದು ಈ ಮಾತಿಗೆ ಪುಷ್ಟಿ ಕೊಟ್ಟಿತು. ಸಂಶೋಧಕರೂ ಈ ರೋಗದಿಂದ ಸುರಕ್ಷಿತರಾಗಿ ಉಳಿಯಲಿಲ್ಲ. ಪುಣೆಯ ಪ್ರಯೋಗಾಲಯದಲ್ಲಿ ವೈರಸ್ಸಿನೊಡನೆ ಕೆಲಸ ಮಾಡುತ್ತಿದ್ದವರಲ್ಲಿ ಅನೇಕರು ಜ್ವರ ಬಿದ್ದರು.

ನೆರೆಮನೆಗೆ ಕೇಳುವ ಗುಂಡಿನ ಸದ್ದು

ಉಣುಗು ಕಚ್ಚಿದ ಗಳಿಗೆಯಿಂದ ಜ್ವರ ಬರುವವರೆಗೆ ಮೂರರಿಂದ ಎಂಟು ದಿನಗಳು ಕಳೆಯುತ್ತವೆ. ಆ ದಿನಗಳಲ್ಲಿ ಮೈಯೊಳಗೆ ನಡೆಯುವುದೇನು? ಐಸಾಕ್ಸನ ಸಂಶೋಧನೆ ಬೆಳಕು ಚೆಲ್ಲುವುದು ಇಲ್ಲಿಯೇ.

ಕೊಡವರಲ್ಲಿ ಒಂದು ಹಳೆಯ ಪದ್ಧತಿಯುಂಟು. ಮನೆಯಲ್ಲಿ ಸಾವು ಸಂಭವಿಸಿದರೆ ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ. ತೋಟ ಗದ್ದೆಗಳ ನಡುವೆ ದೂರ ದೂರವಿರುವ ಮನೆಗಳಿಗೆ ಆ ಸದ್ದೇ ವಾರ್ತೆ. ಕೇಳಿದವರು ಕೈಯ ಕೆಲಸ ಬಿಟ್ಟು ಎಚ್ಚತ್ತುಕೊಳ್ಳುತ್ತಾರೆ. ಇಂಟರ್‌ಫೆರಾನಿನ ಕೆಲಸವೂ ಇದಕ್ಕೆ ಸಮಾನವಾದುದು. ವೈರಸ್ ಹೊಕ್ಕ ಜೀವಕೋಶ ತಾನು ಸಾಯುವ ಮುನ್ನ ಇಂಟರ್‌ಫೆರಾನನ್ನು ಹೊರಸೂಸುತ್ತದೆ. ಅದು ನೆರೆಯ ಕೋಶಗಳ ಹೊರಮೈಯಲ್ಲಿರುವ ಗ್ರಾಹಕಗಳನ್ನು ತಟ್ಟುತ್ತದೆ. ಗ್ರಾಹಕವೆಂದರೆ ಕೋಶದ ಕಿವಿಯೆಂದು ತಿಳಿಯಬಹುದು. ಸುದ್ದಿ ಒಳಗಿನ ಬೀಜಕ್ಕೆ ಮುಟ್ಟಿದೊಡನೆ ಅಲ್ಲಿ ನೂರಾರು ಜೀನುಗಳು ಎಚ್ಚರಗೊಳ್ಳುತ್ತವೆ. ಅವುಗಳ ಆಜ್ಞೆಯಂತೆ ಹುಟ್ಟುವ ಪ್ರೋಟೀನುಗಳಲ್ಲಿ ಕೆಲವು ವೈರಸ್ಸಿನ ಆರ್‌ಎನ್‌ಎ ಎಳೆಯನ್ನು ತುಂಡರಿಸುತ್ತವೆ. ಕೆಲವು ವೈರಸ್ಸಿಗೆ ಬೇಕಾದ ಪ್ರೋಟೀನು ತಯಾರಾಗದಂತೆ ಕೋಶದ ಕಾರ್ಖಾನೆಯನ್ನೇ ನಿಲ್ಲಿಸುತ್ತವೆ.

ಇಂಟರ್‌ಫೆರಾನ್ ತಾನಾಗಿ ವೈರಸ್ಸನ್ನು ಕೊಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಅದು ಯೋಧನಲ್ಲ, ದೂತ. ಪ್ರತಿಕಾಯಗಳು ಸಿದ್ಧವಾಗಲು ದಿನಗಳು ಬೇಕು. ದೂತನು ಕೆಲವೇ ತಾಸುಗಳಲ್ಲಿ ಹೊರಡುತ್ತಾನೆ. ಪ್ರತಿಕಾಯಕ್ಕೆ ಶತ್ರುವಿನ ಗುರುತು ಬೇಕು. ದೂತನಿಗೆ ಶತ್ರು ಬಂದನೆಂಬ ಸುದ್ದಿಯಷ್ಟೇ ಸಾಕು. ಜ್ವರ ಬಂದಾಗ ಮೈಕೈ ನೋಯುವುದು, ಅನ್ನ ಸೇರದಿರುವುದು, ಮಲಗಿಬಿಡಬೇಕೆನಿಸುವುದು — ಇವುಗಳಲ್ಲಿ ಒಂದು ಪಾಲು ಈ ದೂತನ ಓಡಾಟದ ಫಲವೇ.

ಪರಿಹಾಸ್ಯವೂ ಪ್ರಸಿದ್ಧಿಯೂ

ಹೊಸ ಸಂಗತಿಯನ್ನು ಕಂಡವನಿಗೆ ಲೋಕ ಕೂಡಲೆ ಹಾರ ಹಾಕುವುದಿಲ್ಲ. ಇಂಟರ್‌ಫೆರಾನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಲು ಯಾರಿಂದಲೂ ಆಗಲಿಲ್ಲ, ಅಷ್ಟು ಸೂಕ್ಷ್ಮ ಪ್ರಮಾಣದಲ್ಲಿ ಅದು ಇರುತ್ತಿತ್ತು. ಅಮೆರಿಕದ ಕೆಲವು ವಿಜ್ಞಾನಿಗಳು ಅದನ್ನು ‘ಮಿಸ್‌ಇಂಟರ್‌ಪ್ರೆಟಾನ್’ ಎಂದು ಕರೆದು ನಕ್ಕರು. ಐಸಾಕ್ಸನ ವಸ್ತು ಬರಿಯ ತಪ್ಪು ತಿಳಿವಳಿಕೆಯೆಂಬುದು ಆ ಚಮತ್ಕಾರದ ಅರ್ಥ. ಇನ್ನೊಂದು ಕಡೆ ವೃತ್ತಪತ್ರಿಕೆಗಳು ಸಕಲ ರೋಗಗಳಿಗೂ ಮದ್ದು ಸಿಕ್ಕಿತೆಂದು ಸಾರಿದವು. 1960ರಲ್ಲಿ ಫ್ಲಾಷ್ ಗೋರ್ಡನ್ ಎಂಬ ಚಿತ್ರಕಥೆಯಲ್ಲಿಯೂ ಇಂಟರ್‌ಫೆರಾನ್ ಕಾಣಿಸಿಕೊಂಡು, ಆಕಾಶಯಾನದ ವೀರರ ಪ್ರಾಣ ಉಳಿಸಿತು!

ಈ ಪರಿಹಾಸ್ಯ ಮತ್ತು ಪ್ರಸಿದ್ಧಿಗಳ ನಡುವೆ ಐಸಾಕ್ಸ್ ತಾಳ್ಮೆಯಿಂದ ಕೆಲಸ ಮಾಡುತ್ತಿದ್ದನು. ಆದರೆ ಆರೋಗ್ಯ ಅವನಿಗೆ ನೆರವಾಗಲಿಲ್ಲ. ಮನಸ್ಸಿನ ಖಿನ್ನತೆ ಮೇಲಿಂದ ಮೇಲೆ ಬಾಧಿಸಿತು. 1964ರಲ್ಲಿ ಮಿದುಳಿನ ರಕ್ತಸ್ರಾವವಾಯಿತು. ಚೇತರಿಸಿಕೊಂಡು ಮತ್ತೆ ಪ್ರಯೋಗಾಲಯಕ್ಕೆ ಬಂದನು. 1966ರಲ್ಲಿ ರಾಯಲ್ ಸೊಸೈಟಿ ಅವನನ್ನು ತನ್ನ ಸದಸ್ಯನಾಗಿ ಆರಿಸಿಕೊಂಡಿತು. 1967ರ ಜನವರಿ 26ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಅವನು ಕಾಲವಾದನು. ತಾನು ಹೆಸರಿಟ್ಟ ವಸ್ತುವನ್ನು ಶುದ್ಧ ರೂಪದಲ್ಲಿ ಕಾಣುವ ಭಾಗ್ಯ ಅವನಿಗೆ ಒದಗಲಿಲ್ಲ.

ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಕೋಳಿಯ ಇಂಟರ್‌ಫೆರಾನ್ ಮನುಷ್ಯನಿಗೆ ಉಪಯೋಗವಿಲ್ಲ. ಮನುಷ್ಯನಿಗೆ ಮನುಷ್ಯನದೇ ಬೇಕು. ಫಿನ್ಲೆಂಡಿನ ಕಾರಿ ಕಾಂಟೆಲ್ ಎಂಬ ವಿಜ್ಞಾನಿ ದಾನಿಗಳು ಕೊಟ್ಟ ರಕ್ತದ ಬಿಳಿಯ ಕಣಗಳಿಂದ ಅದನ್ನು ತಯಾರಿಸುವ ವಿಧಾನವನ್ನು ರೂಢಿಗೆ ತಂದನು. ಸಹಸ್ರಾರು ಲೀಟರು ರಕ್ತದಿಂದ ದೊರೆಯುತ್ತಿದ್ದುದು ಒಂದು ಗ್ರಾಮಿಗೂ ಕಡಿಮೆ. 1980ರಲ್ಲಿ ಜೂರಿಕ್‌ನ ಚಾರ್ಲ್ಸ್ ವೈಸ್‌ಮನ್ ಮತ್ತು ಸಂಗಡಿಗರು ಮನುಷ್ಯನ ಇಂಟರ್‌ಫೆರಾನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಅದರಿಂದಲೇ ಆ ವಸ್ತುವನ್ನು ತಯಾರಿಸಿದ ಮೇಲೆ ಈ ಕೊರತೆ ನೀಗಿತು. 1986ರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಔಷಧವಾಗಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಯಕೃತ್ತಿನ ಸಿ ಕಾಮಾಲೆಗೆ ಎರಡು ದಶಕಗಳ ಕಾಲ ಇಂಟರ್‌ಫೆರಾನೇ ಮುಖ್ಯ ಚಿಕಿತ್ಸೆಯಾಗಿತ್ತು; ಆ ಬಳಿಕ ಅದಕ್ಕಿಂತ ಉತ್ತಮವಾದ ಗುಳಿಗೆಗಳು ಬಂದವು. ಲಿಂಡೆನ್‌ಮನ್ 2015ರವರೆಗೆ ಬದುಕಿದ್ದು ಇವೆಲ್ಲವನ್ನೂ ಕಣ್ಣಾರೆ ಕಂಡನು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ವಿಷಯದ ಅಧ್ಯಯನ ನಡೆದಿದೆ. ಇಂಟರ್‌ಫೆರಾನುಗಳ ಕುಟುಂಬದಲ್ಲಿ ಗ್ಯಾಮಾ ಎಂಬುದು ಬೇರೆಯದೇ ಸ್ವಭಾವದ ಸದಸ್ಯ. ರೋಗನಿರೋಧ ಕೋಶಗಳನ್ನು ಹುರಿದುಂಬಿಸುವುದು ಅದರ ವೃತ್ತಿ. ಜೀವಕೋಶಗಳ ಮೇಲೆ ಅದರ ಪರಿಣಾಮವನ್ನು ಪ್ರೊಫೆಸರ್ ದೀಪಂಕರ ನಂದಿ ಅವರೂ ಅವರ ಶಿಷ್ಯರೂ ಪರಿಶೀಲಿಸಿದ್ದಾರೆ.

ಕಿವಿ ಮುಚ್ಚುವ ಕಳ್ಳ

ಇಷ್ಟು ಬಲವಾದ ಕಾವಲಿದ್ದರೂ ಮಂಗನ ಕಾಯಿಲೆ ಮನುಷ್ಯನನ್ನು ಕೆಡವುವುದು ಹೇಗೆ? ಕಳ್ಳನೂ ಜಾಣನೇ ಎಂಬುದು ಉತ್ತರ.

ಮಲಯ ದೇಶದ ಕಾಡಿನ ಉಣುಗಿನಲ್ಲಿ 1956ರಲ್ಲಿ ದೊರೆತ ಲಂಗಟ್ ಎಂಬ ವೈರಸ್ ಕ್ಯಾಸನೂರಿನ ವೈರಸ್ಸಿನ ಬಳಗದ್ದು. ಆದರೆ ಸೌಮ್ಯ ಸ್ವಭಾವದ್ದು. ಅಮೆರಿಕದ ಮೊಂಟಾನಾ ಪ್ರಾಂತದಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದಲ್ಲಿ ಸೋನ್ಯಾ ಬೆಸ್ಟ್ ಎಂಬ ಮಹಿಳೆಯೂ ಅವರ ಸಹೋದ್ಯೋಗಿಗಳೂ ಈ ವೈರಸ್ಸನ್ನು ಪರೀಕ್ಷಿಸಿ 2005ರಲ್ಲಿ ಒಂದು ಸಂಗತಿಯನ್ನು ಹೊರಗೆಡವಿದರು. ವೈರಸ್ ತನ್ನ ಸಂತಾನವೃದ್ಧಿಗಾಗಿ ತಯಾರಿಸಿಕೊಳ್ಳುವ ಎನ್‌ಎಸ್-5 ಎಂಬ ಪ್ರೋಟೀನು ಇಂಟರ್‌ಫೆರಾನಿನ ಸುದ್ದಿ ಕೋಶದೊಳಗೆ ಹರಿಯದಂತೆ ತಡೆಯುತ್ತದೆ. ಗ್ರಾಹಕವು ಕೋಶದ ಹೊರಮೈಗೆ ಬಂದು ನಿಲ್ಲಲು ಮನುಷ್ಯನ ಪ್ರೋಲಿಡೇಸ್ ಎಂಬ ಕಿಣ್ವ ನೆರವಾಗುತ್ತದೆಂದೂ, ವೈರಸ್ಸಿನ ಪ್ರೋಟೀನು ಹಿಡಿದು ಕಟ್ಟಿಹಾಕುವುದು ಆ ಕಿಣ್ವವನ್ನೇ ಎಂದೂ ಅವರ ತಂಡ 2015ರಲ್ಲಿ ತೋರಿಸಿತು. ನೆರೆಮನೆಯವರ ಕಿವಿಯನ್ನೇ ಮುಚ್ಚಿಬಿಟ್ಟರೆ ಗುಂಡಿನ ಸದ್ದು ಯಾರಿಗೆ ಕೇಳೀತು?

ಕೆನಡಾ ದೇಶದ ವಿನ್ನಿಪೆಗ್ ನಗರದ ಸಂಶೋಧಕರು 2012ರಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಪರೀಕ್ಷಿಸಿದಾಗ ಅದರ ಎನ್‌ಎಸ್-5 ಪ್ರೋಟೀನೂ ಇಂಟರ್‌ಫೆರಾನಿಗೆ ಅಡ್ಡಬರುವುದು ಕಂಡಿತು. ವೈರಸ್ಸಿಗೆ ಅಡ್ಡಬರುವ ವಸ್ತುವಿಗೇ ವೈರಸ್ ಅಡ್ಡಬರುವ ಈ ವಿನೋದವನ್ನು ಕಂಡಿದ್ದರೆ ಐಸಾಕ್ಸ್ ಬಹುಶಃ ಆಶ್ಚರ್ಯಪಡುತ್ತಿರಲಿಲ್ಲ; ಪ್ರಕೃತಿಯಲ್ಲಿ ಏಕಪಕ್ಷದ ಯುದ್ಧ ಅಪರೂಪ.

ಹೊರಗಿನಿಂದ ಇಂಟರ್‌ಫೆರಾನ್ ಚುಚ್ಚಿದರೆ ಸಾಲದೆ ಎಂದು ಕೇಳಬಹುದು. ಇದೇ ವೈರಸ್ ಕುಲಕ್ಕೆ ಸೇರಿದ ಜಪಾನೀ ಮಿದುಳು ಜ್ವರ ಕರ್ನಾಟಕಕ್ಕೂ ಅಪರಿಚಿತವಲ್ಲ. ವಿಯೆಟ್ನಾಮಿನ ಮಕ್ಕಳಲ್ಲಿ ಆ ಜ್ವರಕ್ಕೆ ಇಂಟರ್‌ಫೆರಾನ್ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ 2003ರಲ್ಲಿ ಹೊರಬಂದಿತು. ಔಷಧ ಪಡೆದ ಮಕ್ಕಳಿಗೂ ಪಡೆಯದ ಮಕ್ಕಳಿಗೂ ವ್ಯತ್ಯಾಸ ಕಾಣಲಿಲ್ಲ. ದೂತನು ತಡವಾಗಿ ಬಂದರೆ ಅವನ ಸುದ್ದಿಗೆ ಬೆಲೆಯಿಲ್ಲ. ಅದೇ ದೂತನಿಲ್ಲದಿದ್ದರೆ ಏನಾಗುವುದೆಂಬುದನ್ನು 2020ರ ಕೋವಿಡ್ ಪಿಡುಗು ತೋರಿಸಿಕೊಟ್ಟಿತು. ಪ್ರಾಣಾಪಾಯದ ಸ್ಥಿತಿಗೆ ತಲುಪಿದ ರೋಗಿಗಳಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಫಲಗೊಳಿಸುವ ಪ್ರತಿಕಾಯಗಳು ಇದ್ದವೆಂದು ಜಾನ್-ಲೊರಾ ಕಾಸನೋವಾ ಎಂಬ ವಿಜ್ಞಾನಿಯ ತಂಡ ಕಂಡುಹಿಡಿಯಿತು.

ಲಸಿಕೆಯ ಏಳುಬೀಳು

ಮಂಗನ ಕಾಯಿಲೆಗೆ ಇದುವರೆಗೆ ನಿಶ್ಚಿತವಾದ ಔಷಧವಿಲ್ಲ. ರೋಗಿಯ ಮೈಯಲ್ಲಿ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಬಹುಪಾಲು ಜನ ಗುಣ ಹೊಂದುತ್ತಾರೆ. ನೂರಕ್ಕೆ ಮೂವರಿಂದ ಐವರು ಸಾಯುತ್ತಾರೆ. ಜ್ವರ ಬಿಟ್ಟು ಎದ್ದವರಲ್ಲಿ ಕೆಲವರಿಗೆ ಮೂರನೆಯ ವಾರದಲ್ಲಿ ಅದು ಮರುಕಳಿಸಿ, ತಲೆನೋವು, ನಡುಕ, ಮನಸ್ಸಿನ ಗೊಂದಲಗಳನ್ನು ತರುವುದುಂಟು.

ಲಸಿಕೆಯ ಕಥೆ ಏಳುಬೀಳಿನದು. 1958ರಲ್ಲಿ ರಷ್ಯದ ಜ್ವರದ ವೈರಸ್ಸಿನಿಂದ ತಯಾರಿಸಿದ ಲಸಿಕೆಯನ್ನು ತಂದು ಕೊಟ್ಟು ನೋಡಿದರು. ನೆಂಟಸ್ತಿಕೆ ಫಲ ಕೊಡಲಿಲ್ಲ. 1960ರ ದಶಕದಲ್ಲಿ ಪುಣೆಯ ಸಂಶೋಧಕರು ಕ್ಯಾಸನೂರಿನ ವೈರಸ್ಸನ್ನೇ ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ನಿರ್ಜೀವಗೊಳಿಸಿ ಲಸಿಕೆ ಮಾಡಿದರು. ಇಂಟರ್‌ಫೆರಾನನ್ನು ತೋರಿಸಿಕೊಟ್ಟ ಕೋಳಿಮೊಟ್ಟೆಯೇ ಇಲ್ಲಿಯೂ ಕೈಹಿಡಿಯಿತು. 1990ರಿಂದ ಮಲೆನಾಡಿನ ಹಳ್ಳಿಗಳಲ್ಲಿ ಈ ಲಸಿಕೆಯನ್ನು ವ್ಯಾಪಕವಾಗಿ ಕೊಡಲಾಯಿತು. ಆದರೆ 2005ರಿಂದ 2010ರವರೆಗಿನ ಅಂಕಿ-ಅಂಶಗಳನ್ನು ಪರಿಶೀಲಿಸಿದಾಗ ಎರಡು ಚುಚ್ಚುಮದ್ದುಗಳಿಂದ ಸುಮಾರು 62 ಪಾಲು, ಮೂರನೆಯದೂ ಸೇರಿದರೆ ಸುಮಾರು 83 ಪಾಲು ಮಾತ್ರ ರಕ್ಷಣೆ ಸಿಗುತ್ತದೆಂದು ತಿಳಿಯಿತು. ನೋವು ಹೆಚ್ಚೆಂದೂ, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕೆಂದೂ ಜನ ಹಿಂಜರಿದರು. ಕ್ರಮೇಣ ಲಸಿಕೆಯ ಶಕ್ತಿಯೂ ಕುಂದಿತು. 2022ರಲ್ಲಿ ಅದನ್ನು ಕೊಡುವುದು ನಿಂತಿತು. ಹೊಸ ಲಸಿಕೆಯನ್ನು ಸಿದ್ಧಪಡಿಸುವ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಕೈಗೊಂಡಿದೆ. ಈ ನಡುವೆ 2024ರಲ್ಲಿಯೂ ಮಲೆನಾಡಿನಲ್ಲಿ ಸಾವುಗಳು ಸಂಭವಿಸಿದವು.

ಗೃಹಿಣಿಯರೂ ತೋಟದವರೂ ತಿಳಿದಿರಬೇಕಾದದ್ದು

ಲಸಿಕೆಯಿಲ್ಲದ ಕಾಲದಲ್ಲಿ ಎಚ್ಚರವೇ ಕವಚ. ಹುತ್ತರಿಯಿಂದ ಮುಂಗಾರಿನವರೆಗೆ ಕಾಡಿನ ಅಂಚಿನಲ್ಲಿ ಕೆಲಸಕ್ಕೆ ಹೋಗುವವರು ಕೈಕಾಲು ಪೂರ್ತಿ ಮುಚ್ಚುವ ಬಟ್ಟೆ ತೊಡುವುದು ಲೇಸು. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಹೊರಡುವ ಮುನ್ನ ಬರಿಮೈಗೆ ಸವರಿಕೊಳ್ಳಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು, ಕಿವಿಯ ಹಿಂಭಾಗ, ಮಂಡಿಯ ಹಿಂಭಾಗಗಳಲ್ಲಿ ಉಣುಗು ಅಂಟಿಕೊಂಡಿದೆಯೇ ಎಂದು ನೋಡಬೇಕು. ಕಾಡಿನಿಂದ ಸೊಪ್ಪು ತರಗೆಲೆಗಳನ್ನು ತಂದು ಕೊಟ್ಟಿಗೆಗೆ ಹಾಸುವ ರೂಢಿ ರೋಗವಿರುವ ಕಡೆ ಅಪಾಯಕರ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮಕ್ಕಳನ್ನೂ ನಾಯಿಯನ್ನೂ ದೂರವಿರಿಸಿ, ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸುವುದು ಕರ್ತವ್ಯ. ಜ್ವರ ಬಂದವರು ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಮೈನೋವಿಗೆಂದು ಆಸ್ಪಿರಿನ್ ಗುಳಿಗೆಯನ್ನು ತಾವಾಗಿ ನುಂಗಬಾರದು. ಅದು ರಕ್ತಸ್ರಾವವನ್ನು ಹೆಚ್ಚಿಸೀತು.

ಸೌದೆಗೂ ಸೊಪ್ಪಿಗೂ ಕಾಡನ್ನೇ ನಂಬಿದ ಬಡ ಕುಟುಂಬಕ್ಕೆ ಕಾಡಿಗೆ ಹೋಗಬೇಡವೆನ್ನುವ ಬುದ್ಧಿವಾದ ಅನ್ನ ಬಿಡೆಂದಂತೆ. ಕ್ಯಾಸನೂರಿನ ರೋಗಕ್ಕೆ ತುತ್ತಾದವರಲ್ಲಿ ಬಹುಮಂದಿ ಇಂತಹವರೇ. ಇವರ ರೋಗಕ್ಕೆ ಮದ್ದು ಹುಡುಕಿದರೆ ಹೆಚ್ಚಿನ ಲಾಭ ಬಾರದು. ದೊಡ್ಡ ಮಾರುಕಟ್ಟೆ ಅದಕ್ಕಿಲ್ಲ. ಆದುದರಿಂದಲೇ ಐಸಾಕ್ಸನಂತಹವರ ಬದುಕಿಗೆ ಬೆಲೆ. ಕೋಳಿಮೊಟ್ಟೆಯ ಪೊರೆಯನ್ನು ಚೂರು ಮಾಡುತ್ತಿದ್ದಾಗ ಅವನ ಮನಸ್ಸಿನಲ್ಲಿದ್ದುದು ಒಂದು ಪ್ರಶ್ನೆ ಮಾತ್ರ. ಸೊರಬದ ಸೌದೆ ಹೊರುವವಳ ಹೆಸರು ಅವನಿಗೆ ತಿಳಿದಿರಲಿಲ್ಲ. ಆದರೂ ಅವಳ ಮೈಯೊಳಗೆ ನಡೆಯುವ ಹೋರಾಟವನ್ನು ವೈದ್ಯರು ಈಗ ಅರಿತಿರುವುದು ಅವನು ಹಚ್ಚಿದ ದೀಪದ ಬೆಳಕಿನಲ್ಲಿ. ವೈರಸ್ ಕೋಶದ ಕಿವಿಯನ್ನು ಮುಚ್ಚುವ ಬಗೆ ತಿಳಿದಿದೆ. ಮುಚ್ಚದಂತೆ ಮಾಡುವ ಬಗೆ ಇನ್ನು ತಿಳಿಯಬೇಕಾಗಿದೆ. ಆ ಕೆಲಸ ಲಂಡನ್ನಿನಲ್ಲಿಯೇ ಆಗಬೇಕೆಂದಿಲ್ಲ. ಮಡಿಕೇರಿಯಲ್ಲಿಯೋ ಶಿವಮೊಗ್ಗೆಯಲ್ಲಿಯೋ ಶಾಲೆಯ ಬೆಂಚಿನ ಮೇಲೆ ಕುಳಿತು, ‘ಏಕೆ’ ಎಂದು ಕೇಳುತ್ತಿರುವ ಒಬ್ಬ ಹುಡುಗಿ ಅದನ್ನು ಮಾಡಬಹುದು. ಅವಳ ಪ್ರಶ್ನೆಗೆ ಮನೆಯ ಹಿರಿಯರು ಕಿವಿಗೊಟ್ಟರೆ ಸಾಕು.